ಮಂಗಳವಾರದ ಪಾಳಿ

ಅಂಬ್ರೋಸ್ ಟಿಲ್‌ಮನ್ ಇನ್ನೂ ಮೂರು ಮಾರು ದೂರದಲ್ಲಿರುವಾಗಲೇ ಸಭಾಂಗಣದ ಬಾಗಿಲಲ್ಲಿ ಕುಳಿತಿದ್ದ ಹಸಿರು ಕೂದಲಿನ ಹುಡುಗಿ ಅಂಗೈ ಎತ್ತಿ ಅವನನ್ನು ತಡೆದಳು. ಮುಖದ ಮಾಸ್ಕನ್ನು ಒಂದು ಬೆರಳಿನಿಂದ ಕೆಳಗೆಳೆದು, ಗಾಳಿಯನ್ನು ಎರಡು ಸಲ ಮೂಸಿ, ಮತ್ತೆ ಮೇಲೇರಿಸಿಕೊಂಡಳು. "ಸೆಂಟು ಹಾಕ್ಕೊಂಡಿದೀರಾ ಸಾರ್?" ಎಂದಳು. ಹಾಕಿಕೊಂಡಿದ್ದ. ಸತ್ತವರನ್ನು ನೆನೆಯಲು ಹೋಗುವಾಗ ಮೈ ಉಜ್ಜಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿವಿಯ ಹಿಂದೆ ಎರಡು ಹನಿ ಸೆಂಟು ಹಚ್ಚಿಕೊಂಡೇ ಹೋಗಬೇಕೆಂದು ಲೂಸಿಯಾನದಿಂದ ಬಂದ ಅವನ ತಾಯಿ ಕಲಿಸಿದ್ದಳು. ಅರವತ್ತೊಂದನೆಯ ವಯಸ್ಸಿನಲ್ಲೂ ಕೈ ತಾನಾಗಿ ಆ ಶೀಶೆಗೆ ಹೋಗುತ್ತದೆ. ಆದರೆ ಇವತ್ತಿನ ಕರೆಯೋಲೆಯಲ್ಲಿ ಎರಡು ಕಡೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ಪರಿಮಳ ಬೇಡ ಎಂದು. ಒಂಬತ್ತು ವರ್ಷ ಈ ಜನರ ನಡುವೆ ಓಡಾಡಿದವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಇಲ್ಲಿ ಕೆಲವರಿಗೆ ಘಮ ತಗುಲಿದರೆ ಉಸಿರು ಕಟ್ಟುತ್ತದೆ, ಕೆಲವರು ಎರಡು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಮರೆತು ಹಚ್ಚಿಕೊಂಡೆನೋ, ಬೇಕೆಂದೇ ಹಚ್ಚಿಕೊಂಡೆನೋ ಎಂದು ಬಸ್ಸಿನಲ್ಲಿ ಬರುತ್ತಾ ಯೋಚಿಸಿದ್ದ. ಖಚಿತವಾಗಿರಲಿಲ್ಲ.

ಅಷ್ಟರಲ್ಲಿ ಜುನಿಪರ್ ಓಡಿ ಬಂದರು. ಈ ಅಂಗವಿಕಲರ ಸಂಘವನ್ನು ನಡೆಸುತ್ತಿದ್ದ ಡೆಲ್ಫಿನಾ ಸತ್ತ ಮೇಲೆ ಅದರ ಎಲ್ಲ ಕೆಲಸವನ್ನೂ ತಲೆಯ ಮೇಲೆ ಹೊತ್ತುಕೊಂಡಿರುವ, ಇಪ್ಪತ್ತಾರು ವರ್ಷದ, ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ತಮ್ಮನ್ನು ಹೇಳಿಕೊಳ್ಳುವ ಈ ಜುನಿಪರ್ ಯಾರ ಮೇಲೂ ಸಿಟ್ಟು ಮಾಡಿಕೊಂಡದ್ದನ್ನು ಅಂಬ್ರೋಸ್ ನೋಡಿರಲಿಲ್ಲ. ಅದೇ ಅವನಿಗೆ ಸಹಿಸಲಾಗದ್ದು. "ಅಯ್ಯೋ ಟಿಲ್‌ಮನ್ ಅವ್ರೇ, ನೀವಾ! ಏನೂ ಆಗಿಲ್ಲ, ಬನ್ನಿ ಬನ್ನಿ. ಅಲ್ಲಿ ಕತ್ತು ತೊಳ್ಕೊಳ್ಳಿ, ಬೇರೆ ಅಂಗಿ ಕೊಡ್ತೀನಿ" ಎಂದು ಶೌಚಾಲಯದ ಕಡೆ ಕೈ ತೋರಿಸಿದರು. ಅವನು ತೊಳೆದುಕೊಂಡ. ವಾಸನೆಯಿಲ್ಲದ ಸೋಪಿನಲ್ಲಿ ಕತ್ತು, ಕಿವಿ, ಎದೆಯವರೆಗೂ, ಶಾಲೆಯಲ್ಲಿ ಹೇನು ಸಿಕ್ಕಿ ತಲೆ ತೊಳೆಸಿಕೊಂಡ ಹುಡುಗನ ಅವಮಾನದಲ್ಲಿ, ಪಕ್ಕದಲ್ಲಿ ಯಾರೋ ಕೋಲೂರಿ ನಿಂತು ನೋಡುತ್ತಿರುವಾಗ. ಇಸ್ತ್ರಿ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಹಾಕಿ ಹೊರಗಿಟ್ಟರು. ಕೊಟ್ಟ ಅಂಗಿ ಒಂದು ಅಳತೆ ಸಣ್ಣದು. ಅದರ ಎದೆಯ ಮೇಲೆ ಡೆಲ್ಫಿನಾ ಬರಾಗಾನಳ ಮುಖ, ಬಾಯಿ ತೆರೆದು ಏನೋ ಕೂಗುತ್ತಿರುವ ಮುಖ. ಕೆಳಗೆ ಅವಳದೇ ಮಾತು: 'ಮೊದಲು ಮೆಟ್ಟಿಲು ತೆಗೀರಿ, ಆಮೇಲೆ ಮಾತು.' ಹೊಟ್ಟೆಯ ಹತ್ತಿರ ಬಟ್ಟೆ ಜಗ್ಗಿ ಅವಳ ಗದ್ದ ಅಗಲವಾಗಿತ್ತು. ಸತ್ತ ಮೇಲೂ ನನ್ನ ಮೇಲೆ ಹತ್ತಿ ಕೂತಿದ್ದಾಳೆ ಎಂದುಕೊಂಡು ಅವನು ಒಳಗೆ ಹೋದ.

ಒಳಗೆ ನೂರೈವತ್ತು ಜನರಿದ್ದರು. ಗಾಲಿಕುರ್ಚಿಗಳಿಗೆ ನಡುವೆ ಅಗಲವಾದ ದಾರಿ ಬಿಟ್ಟು, ಸುಮ್ಮನೆ ಕೂರಲಾಗದವರಿಗೆ ಹಿಂದೆ ಚಾಪೆ ಹಾಸಿ, ಗದ್ದಲ ತಡೆಯದವರಿಗೆ ಪಕ್ಕದಲ್ಲೊಂದು ಮಬ್ಬು ಬೆಳಕಿನ ಕೋಣೆ ಮಾಡಿಟ್ಟಿದ್ದರು. ಊಟದ ಮೇಜಿನ ಮೇಲೆ ಜೋಳದ ಹಿಟ್ಟಿನ ತಮಾಲೆಗಳು, ಸಿಹಿಗೆಣಸಿನ ಪೈ, ಪ್ರತಿಯೊಂದರ ಮುಂದೂ ಅದರಲ್ಲಿ ಏನೇನಿದೆಯೆಂದು ಬರೆದ ಚೀಟಿ, ಬಾಗುವ ಪ್ಲಾಸ್ಟಿಕ್ ಸ್ಟ್ರಾಗಳ ಒಂದು ಡಬ್ಬ. ಇದನ್ನೆಲ್ಲ ಅವಳೇ ಕಲಿಸಿದ್ದು. ವೇದಿಕೆಯ ಬಲಗಡೆ ಕೈಸನ್ನೆಯಲ್ಲಿ ಹೇಳುವ ಹೆಂಗಸು, ಎಡಗಡೆ ಮಾತನ್ನು ಕೇಳಿದಂತೆ ಟೈಪು ಮಾಡಿ ಗೋಡೆಯ ಮೇಲೆ ಅಕ್ಷರ ಮೂಡಿಸುವ ಗಂಡಸು. ಮಾತಾಡುವವರು ತಮ್ಮ ಮಾತನ್ನು ಮೊದಲೇ ಬರೆದು ಅವರಿಬ್ಬರಿಗೂ ಕಳಿಸಬೇಕು, ಅದು ಇಲ್ಲಿಯ ಕ್ರಮ. ಅಂಬ್ರೋಸ್ ಶುಕ್ರವಾರವೇ ಕಳಿಸಿದ್ದ. ಅವನದು ಮೂರನೆಯ ಮಾತು. ಅದರಲ್ಲಿ ಇದ್ದದ್ದು ಬಸ್ಸಿನ ಕಥೆ, ಎಲ್ಲರಿಗೂ ಬೇಕಾಗಿದ್ದ ಕಥೆ. ಅದರಲ್ಲಿ ಇಲ್ಲದ್ದು ಎರಡು ವರ್ಷದ ಹಿಂದಿನ ಒಂದು ಮಂಗಳವಾರ. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ, ಅವಳು ಫೆಬ್ರವರಿಯಲ್ಲಿ ಸತ್ತಳು. ಇವತ್ತು ಬಾಯಿ ಮುಚ್ಚಿಕೊಂಡು ಹೊರಗೆ ಹೋದರೆ ಇನ್ನು ಯಾವತ್ತೂ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ನೆನೆದಾಗ ಹಾಯೆನಿಸಬೇಕಿತ್ತು, ಅನ್ನಿಸಲಿಲ್ಲ.

ಮೊದಲನೆಯವನು ಮಾತಾಡುತ್ತಿದ್ದ. ಧೈರ್ಯ ಎಂದ. ಬೆಂಕಿ ಎಂದ. ಅವಳು ಯಾರಿಗೂ ಹೆದರಿದವಳಲ್ಲ ಎಂದ, ಜನ ಚಪ್ಪಾಳೆಯ ಬದಲು ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸಿದರು. ಅಂಬ್ರೋಸನೂ ಆಡಿಸಿದ. ಇಪ್ಪತ್ತೇಳು ವರ್ಷದ ಹಿಂದೆ, ಮೂವತ್ತನಾಲ್ಕರ ಡ್ರೈವರು ಅವನು, ಹನ್ನೊಂದು ನಿಮಿಷ ತಡವಾಗಿತ್ತು, ಬಸ್ಸಿನ ತುಂಬ ಬೈಯುವ ಜನ, ನಿಲ್ದಾಣದಲ್ಲಿ ಒಂದು ಗಾಲಿಕುರ್ಚಿ. ಬಾಗಿಲು ತೆರೆದು, "ಲಿಫ್ಟ್ ಕೆಟ್ಟಿದೆ, ಮುಂದಿನ ಬಸ್ಸಿಗೆ ಬನ್ನಿ" ಎಂದಿದ್ದ. ಗಾಲಿಕುರ್ಚಿಯನ್ನು ಬಸ್ಸಿಗೆತ್ತುವ ಆ ಲಿಫ್ಟ್ ಕೆಟ್ಟಿರಲಿಲ್ಲ. ಎಲ್ಲ ಡ್ರೈವರುಗಳೂ ಆಗ ಅದನ್ನೇ ಹೇಳುತ್ತಿದ್ದರು. ಒಂದು ಕುರ್ಚಿ ಹತ್ತಿಸಿ ಪಟ್ಟಿ ಬಿಗಿದು ಮತ್ತೆ ಹೊರಡಲು ಆರು ನಿಮಿಷ ಬೇಕು. "ಈಗ ಹೋದ ಬಸ್ಸಿನೋನೂ ಮುಂದಿನ ಬಸ್ಸಿಗೆ ಬಾ ಅಂದ ಕಣಪ್ಪಾ, ನೀನೇ ಆ ಮುಂದಿನೋನು" ಎಂದು ಅವಳು ಬಸ್ಸಿನ ಮುಂದಕ್ಕೆ ಕುರ್ಚಿ ಉರುಳಿಸಿಕೊಂಡು ಹೋಗಿ, ನಡುರಸ್ತೆಯಲ್ಲಿ ಬ್ರೇಕು ಹಾಕಿ ಕೂತಳು. ನಲವತ್ತು ನಿಮಿಷ. ಪೋಲೀಸರು ಬಂದರು, ಮೇಲ್ವಿಚಾರಕ ಬಂದ. ಆ ಮೇಲ್ವಿಚಾರಕ ಒಂದು ಗುಂಡಿ ಒತ್ತಿದ, ಲಿಫ್ಟ್ ಸದ್ದಿಲ್ಲದೆ ಇಳಿಯಿತು, ಬಸ್ಸಿನಲ್ಲಿದ್ದವರೆಲ್ಲ ಅಂಬ್ರೋಸನ ಮುಖ ನೋಡಿ ಹೋ ಎಂದರು. ಆಮೇಲೆ ಈ ಕಥೆಯನ್ನು ಅವಳು ಹೇಳದ ಸಭೆಯಿಲ್ಲ. ಅವನ ಧ್ವನಿಯನ್ನು ಎಳೆದೆಳೆದು ಅಣಕಿಸಿ "ಲಿಫ್ಟೂ ಕೆಟ್ಟಿದೇ ಮೇಡಮ್" ಎನ್ನುವಳು. ವರ್ಷ ಕಳೆದಂತೆ ಕಥೆಯ ಡ್ರೈವರಿಗೆ ಹೊಟ್ಟೆ ಬಂತು, ಬಾಯಲ್ಲಿ ಚ್ಯೂಯಿಂಗ್ ಗಮ್ ಬಂತು. ಅವನು ಜನ್ಮದಲ್ಲಿ ಚ್ಯೂಯಿಂಗ್ ಗಮ್ ತಿಂದವನಲ್ಲ.

ಬಸ್ಸಿನದೊಂದೇ ಆಗಿದ್ದರೆ ಹೇಗೋ ನುಂಗಬಹುದಿತ್ತು. ಪೇಟೆಯಲ್ಲಿ ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಒಂದು ಬಾರ್ ಇತ್ತು, ಗಂಡಸರನ್ನೇ ಪ್ರೀತಿಸುವ ತನ್ನಂಥ ಗಂಡಸರು ಗುರುವಾರ ಸಂಜೆ ಸೇರಿ ಕುಣಿಯುತ್ತಿದ್ದ ಜಾಗ. ಹಗಲೆಲ್ಲ ಯೂನಿಫಾರ್ಮಿನಲ್ಲಿ ಗಂಟಲು ದಪ್ಪ ಮಾಡಿಕೊಂಡು ಬಸ್ಸು ಓಡಿಸಿ, ಅಲ್ಲಿಗೆ ಹೋಗಿ ಒಂದು ಎರಡು ಗಂಟೆ ತಾನಾಗುತ್ತಿದ್ದ. ಅವನ ಸಂಗಾತಿ ಲೈಲ್ ಸಿಕ್ಕಿದ್ದು ಅಲ್ಲಿ. ಆ ಮೆಟ್ಟಿಲಿನ ಬುಡದಲ್ಲಿ ಡೆಲ್ಫಿನಾ ಹನ್ನೆರಡು ಕುರ್ಚಿ ಸಾಲಾಗಿ ನಿಲ್ಲಿಸಿಕೊಂಡು ಎರಡು ತಿಂಗಳು ಗುರುವಾರ ಗುರುವಾರ ಕೂತಳು. "ಇಪ್ಪತ್ತೆರಡು ಮೆಟ್ಟಿಲು ಮೇಲೆ ನಿಮ್ಮ ಸ್ವಾತಂತ್ರ್ಯ ಇಟ್ಕೊಂಡು, ನಮಗೆ ಕೆಳಗಿಂದ ಹಾಡು ಕೇಳಿಸ್ತೀರೇನ್ರೋ? ನಾವೂ ನಿಮ್ಮೋರೇ ಕಣ್ರೋ! ನನಗೂ ಹುಡುಗೀರ ಜತೆ ಕುಣೀಬೇಕು!" ಎಂದು ಹತ್ತುವವರನ್ನೆಲ್ಲ ಕೇಳಿದಳು. ಅವನು ಮುಖ ತಿರುಗಿಸಿಕೊಂಡು ಹತ್ತುವಾಗ ಹಿಂದಿನಿಂದ, "ಓಹೋ, ಡ್ರೈವರ್ ಸಾಹೇಬ್ರು! ಕಾಲು ಸರಿಯಾಗಿದೆಯಾ, ಅದೂ ಕೆಟ್ಟಿದೆಯಾ?" ಎಂದು ಕೂಗಿದಳು. ಲಿಫ್ಟ್ ಹಾಕಿಸುವ ಶಕ್ತಿ ತನಗಿಲ್ಲವೆಂದು ಬಾರಿನವನು ಬಾಗಿಲು ಹಾಕಿಕೊಂಡು ಹೋದ. ಅವಳು ಹೇಳಿದ್ದು ಸರಿಯಾಗಿತ್ತು. ಬಸ್ಸಿನಲ್ಲೂ ಸರಿಯಾಗಿತ್ತು. ಸರಿ ಇರುವವರ ಮೇಲಿನ ಸಿಟ್ಟಿಗೆ ಹೋಗಲು ಜಾಗವೇ ಇರುವುದಿಲ್ಲ, ಒಳಗೇ ಕೂತು ಹುಳಿಯುತ್ತದೆ.

ಹಾಗಿದ್ದೂ ಅವಳ ಮನೆಗೆ ಹೋದದ್ದು ಯಾಕೆ? ಲೈಲ್ ಸತ್ತ ವರ್ಷ ಅವನು ಮಾತಾಡುವವರಿಲ್ಲದೆ ಸೊರಗಿದ್ದ. ಕೆಲಸದಿಂದ ನಿವೃತ್ತನಾಗಿದ್ದ. ಸಂತೆಯಲ್ಲಿ ಕಿತ್ತಳೆ ಆರಿಸುತ್ತಿದ್ದಾಗ ಅವಳ ಕುರ್ಚಿ ಬಂದು ಅವನ ಮೊಣಕಾಲಿಗೆ ತಾಗಿತು. ಲೈಲ್‌ನ ಸುದ್ದಿ ಕೇಳಿದೆ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ಅವನ ಭುಜಗಳನ್ನು ದನದ ವ್ಯಾಪಾರಿಯ ಕಣ್ಣಲ್ಲಿ ನೋಡಿ, "ಬೆನ್ನು ಗಟ್ಟಿ ಇದೆಯೇನೋ ನಿಂದು? ಮಂಗಳವಾರ ಬೆಳಗ್ಗೆ ನನ್ನ ಎತ್ತೋರಿಲ್ಲ" ಎಂದಳು. ಸರಕಾರ ಕೊಡುವ ಸಹಾಯಕರ ಗಂಟೆಗಳು ಅವಳಿಗೆ ಇಡೀ ವಾರಕ್ಕೆ ಸಾಲುತ್ತಿರಲಿಲ್ಲ. ಮಿಕ್ಕದ್ದನ್ನು ಗೆಳೆಯರು ಪಾಳಿಯಲ್ಲಿ ಹಂಚಿಕೊಂಡಿದ್ದರು. ಒಬ್ಬರು ಮಲಗಿಸುವುದು, ಒಬ್ಬರು ಸ್ನಾನ, ಒಬ್ಬರು ಅಡುಗೆ. ಬೆಳಗ್ಗೆ ಏಳಕ್ಕೆ ಹೋಗಿ ಅವಳನ್ನು ಹಾಸಿಗೆಯಿಂದ ಎತ್ತಿ, ಶೌಚಕ್ಕೆ ಕೂರಿಸಿ, ಒರೆಸಿ, ಬಟ್ಟೆ ಹಾಕಿ, ಕುರ್ಚಿಗೆ ಇಳಿಸುವುದು ಮಂಗಳವಾರದ ಪಾಳಿ. ಒಂದೊಂದು ಸಲ ಅವನನ್ನು ಸ್ವಂತ ತಮ್ಮನಂತೆ ಬೈಯುವಳು. ಕೈ ಒರಟು ಎನ್ನುವಳು. ಒಮ್ಮೆ ಆ ಬಾರಿನ ಮಾತು ಬಂದು ಜಗಳವಾದಾಗ ಅವನು ಅವಳನ್ನು ಕುರ್ಚಿಗೆ ಬೇಕಾದ್ದಕ್ಕಿಂತ ನಾಲ್ಕು ಬೆರಳು ಮೇಲಿನಿಂದಲೇ ಬಿಟ್ಟಿದ್ದ. ಧಪ್ ಎಂದಿತು. ಅವಳ ಹಲ್ಲು ಹಲ್ಲಿಗೆ ತಾಗಿತು. "ನಿಧಾನ" ಎಂದಳು, ಅಷ್ಟೇ. ಅವನು ಕಿಟಕಿಯ ಪರದೆ ಸರಿಸಿ ಹೊರಟುಹೋದ.

ಎರಡನೆಯವಳು ಮಾತಿಗೆ ನಿಂತಳು. ಮುಂದಿನ ಸಾಲಿನಲ್ಲಿ ನೋರೀನ್ ತಕೆಡಾ ಎರಡು ಊರುಗೋಲನ್ನು ಮಡಿಲಲ್ಲಿ ಅಡ್ಡ ಹಾಕಿಕೊಂಡು ಕುಳಿತಿದ್ದಳು. ಡೆಲ್ಫಿನಾಳ ಸಂಗಾತಿ. ಒಂದೇ ಮನೆಯಲ್ಲಿದ್ದರೆ ಸರಕಾರದ ನೆರವು ಕಡಿತವಾಗುತ್ತದೆಂದು ಇಬ್ಬರೂ ಹದಿನಾರು ವರ್ಷ ಎರಡು ಬೀದಿ ಆಚೀಚೆ ಬೇರೆ ಬೇರೆ ಮನೆಯಲ್ಲಿ ಸಂಸಾರ ಮಾಡಿದರು. ನೋರೀನಳ ಬೆಳ್ಳಿ ಕೂದಲಿನ ಹಿಂಭಾಗವನ್ನು ನೋಡುತ್ತಾ ಅಂಬ್ರೋಸನಿಗೆ ಎರಡು ವರ್ಷದ ಹಿಂದಿನ ಆ ಭಾನುವಾರ ನೆನಪಾಯಿತು. ಕಾಲೇಜಿನ ಹುಡುಗ ಹುಡುಗಿಯರ ಸಭೆ, ಡೆಲ್ಫಿನಾ ಬಸ್ಸಿನ ಕಥೆ ಹೇಳಿದಳು, ಎಲ್ಲ ನಕ್ಕರು, ಅವನು ಹಿಂದಿನ ಸಾಲಿನಲ್ಲಿ ಎಂದಿನಂತೆ ತಾನೂ ನಕ್ಕ. ಇಪ್ಪತ್ತೈದು ವರ್ಷ ಹೆಸರು ಹೇಳದೆ ಇದ್ದವಳು ಅವತ್ತು ಗದ್ದವನ್ನು ಅವನ ಕಡೆ ಎತ್ತಿ, "ಆ ಡ್ರೈವರು ಎಲ್ಲಿದ್ದಾನೆ ಗೊತ್ತಾ? ನೋಡಿ, ಅಲ್ಲೇ ಕೂತಿದ್ದಾನೆ! ಈಗ ವಾರ ವಾರ ಬಂದು ನನ್ನ ಕುಂಡೆ ಒರೆಸ್ತಾನೆ!" ಎಂದಳು. ಸಭೆ ಎದ್ದು ಕುಣಿಯಿತು. ಒಬ್ಬ ಹುಡುಗ ಬಂದು ಅವನ ಕೈ ಕುಲುಕಿ, ನಿಮ್ಮ ಬದಲಾವಣೆ ನನಗೆ ಸ್ಫೂರ್ತಿ ಎಂದ. ಅಂಬ್ರೋಸ್ ಹಲ್ಲು ಬಿಟ್ಟುಕೊಂಡೇ ಇದ್ದ, ದವಡೆ ನೋಯುವವರೆಗೆ. ತಾನು ಅವಳಿಗೆ ಮನುಷ್ಯನಲ್ಲ, ಒಂದು ದೃಷ್ಟಾಂತ ಎಂದು ಆಗ ಅನ್ನಿಸಿತು. ಆ ಹೆಂಗಸನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಅದಾಗಿ ಎರಡು ದಿನಕ್ಕೆ, ಮಂಗಳವಾರ, ಆರು ಗಂಟೆಗೇ ಎದ್ದ. ಬೂಟು ಹಾಕಿಕೊಂಡ. ಕಾರಿನಲ್ಲಿ ಕೂತು ಫೋನು ಆರಿಸಿದ, ಅವಳ ಬೀದಿಗೆ ತಿರುಗಬೇಕಾದಲ್ಲಿ ತಿರುಗದೆ ಸರೋವರದ ಕಡೆ ಹೋದ. ಡೋನಟ್ ಅಂಗಡಿಯಲ್ಲಿ ಎರಡು ಡೋನಟ್, ಒಂದು ಕಾಫಿ. ಬಾತುಗಳು ಹುಲ್ಲಿನ ಮೇಲೆ ಹೇತುಕೊಂಡು ಓಡಾಡುತ್ತಿದ್ದವು. ಏಳೂವರೆಗೆ ಅವಳು ಕಿಟಕಿ ನೋಡುತ್ತಿರುತ್ತಾಳೆ ಎಂದುಕೊಂಡ. ಎಂಟಕ್ಕೆ, ಈಗ ಅವಳಿಗೆ ಅವಸರವಾಗಿರುತ್ತದೆ, ತಡೆದುಕೊಂಡಿರುತ್ತಾಳೆ. ಒಂಬತ್ತಕ್ಕೆ, ಈಗ ಒದ್ದೆ ಮಾಡಿಕೊಂಡಿರುತ್ತಾಳೆ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಅವನು ಎರಡನೆಯ ಡೋನಟ್ ತಿಂದ. ರುಚಿಯಾಗಿಯೇ ಇತ್ತು. ಇದನ್ನು ಆಮೇಲೆ ಅವನು ತನಗೆ ತಾನು ಕ್ಷಮಿಸಿಕೊಳ್ಳಲಾಗಲಿಲ್ಲ, ರುಚಿಯಾಗಿದ್ದದ್ದನ್ನು. ಮುಂದಿನ ಮಂಗಳವಾರ ಹೋದ. "ಕಾರು ಕೆಟ್ಟಿತ್ತು, ಫೋನೂ ಕೆಟ್ಟಿತ್ತು" ಎಂದ. ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಭೂಮಿ ಆಕಾಶ ಒಂದು ಮಾಡುತ್ತಾಳೆಂದು ಕಾದ. "ಹೌದಾ? ಆಗುತ್ತೆ ಬಿಡು" ಎಂದಳು. ಅವತ್ತು ಯಾರು ಎತ್ತಿದರೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ತಿಂಗಳೇ ಜುನಿಪರ್ ಬಾಯಲ್ಲಿ, ಪಾಳಿಯ ಪಟ್ಟಿಯಲ್ಲಿ ಏನೋ ಗೊಂದಲವಾಗಿ ಡೆಲ್ಫಿನಾಗೆ ಒಂದು ಬೆಳಗ್ಗೆ ತೊಂದರೆಯಾಯಿತಂತೆ ಎಂದು ಕೇಳಿದ. ಅವನಿಗಾಗಿ ಅವಳು ಸುಳ್ಳು ಹೇಳಿದ್ದಳು. ಅಲ್ಲಿಂದ ಮುಂದೆ ಮಂಗಳವಾರಗಳೇ ಬೇರೆಯಾದವು. ಅವನ ಹಳಸಲು ಜೋಕುಗಳಿಗೆ ನಗುವಳು. ಬೆನ್ನು ನೋಯುತ್ತಾ ಎಂದು ಕೇಳುವಳು. ಹೊರಡುವಾಗ ಥ್ಯಾಂಕ್ಸ್ ಎನ್ನುವಳು. ಥ್ಯಾಂಕ್ಸ್ ಎಂಬ ಮಾತನ್ನೇ ಆಡದ ಹೆಂಗಸು! ಕ್ಷಮಿಸಿದ್ದಾಳೆ ಎಂದು ಅವನು ನಂಬಿದ. ಲೈಲ್ ಹೋದ ಮೇಲೆ ತನ್ನನ್ನು ಹಾಗೆ ಯಾರೂ ಪ್ರೀತಿಯಿಂದ ಕಂಡಿಲ್ಲ ಎಂದೂ ಒಮ್ಮೆ ಅನ್ನಿಸಿತ್ತು. ಅದೇ ಹೊತ್ತಿಗೆ ಅವಳ ಬೆನ್ನ ಬುಡದಲ್ಲಿ ಒಂದು ಹುಣ್ಣಿತ್ತು. ಅದು ಮಾಯಲಿಲ್ಲ, ಮಾಯ್ದಂತೆ ಮಾಡಿ ಮತ್ತೆ ಬಾಯಿ ಬಿಟ್ಟಿತು. ಈ ಚಳಿಗಾಲದಲ್ಲಿ ನಂಜು ರಕ್ತಕ್ಕೇರಿತು. ಹದಿನೇಳು ದಿನ ಆಸ್ಪತ್ರೆ. ಲೆಕ್ಕ ಅವನಿಗೆ ಬಹಳ ಸರಳವಾಗಿ ಕಂಡಿತು: ಒದ್ದೆ ಹಾಸಿಗೆ, ಹುಣ್ಣು, ಸಾವು. ಅವಳನ್ನು ಕೊಂದವನು ಅವಳ ಮುಖದ ಅಂಗಿ ಹಾಕಿಕೊಂಡು ಕೂತಿದ್ದಾನೆ.

"ಟಿಲ್‌ಮನ್ ಅವ್ರೇ" ಎಂದು ಜುನಿಪರ್ ಕರೆದರು.

ಅವನು ಇಳಿಜಾರು ಹತ್ತಿ ವೇದಿಕೆಗೆ ಹೋದ. ಕಣ್ಣು ಕಾಣದವರಿಗಾಗಿ, ಮಾತಾಡುವವರು ಮೊದಲು ತಾವು ಹೇಗಿದ್ದೇವೆಂದು ಹೇಳಬೇಕು. "ನಾನು ಅಂಬ್ರೋಸ್. ಕಪ್ಪು ಗಂಡಸು, ಅರವತ್ತೊಂದು, ಬೋಳುತಲೆ. ನನಗೆ ಹಿಡಿಸದ ಅಂಗಿ ಹಾಕ್ಕೊಂಡಿದೀನಿ" ಎಂದ. ನಗು ಬಂತು. ಎರಡು ಕ್ಷಣ ತಡವಾಗಿ ಅವನ ಮಾತು ಗೋಡೆಯ ಮೇಲೆ ಮೂಡಿತು, ಕಿವಿ ಕೇಳದವರು ಆಗ ನಕ್ಕರು. ಬಸ್ಸಿನ ಕಥೆ ಶುರು ಮಾಡಿದ. ಹನ್ನೊಂದು ನಿಮಿಷ ತಡ, ಲಿಫ್ಟ್ ಕೆಟ್ಟಿದೆ ಎಂದೆ. ಜನ ಆಗಲೇ ಕೈ ಆಡಿಸಲು ಎತ್ತಿಕೊಂಡಿದ್ದರು. ಮೊದಲ ಸಾಲಿನ ಒಬ್ಬ ಹುಡುಗಿ ತುಟಿಯಲ್ಲೇ 'ಮುಂದಿನೋನು' ಎಂದು ಮೊದಲೇ ಹೇಳಿಕೊಳ್ಳುತ್ತಿದ್ದಳು. ಅದು ಕಂಡು ಅವನಿಗೆ ಸಿಟ್ಟು ನೆತ್ತಿಗೇರಿತು. ಇವರಿಗೆ ಬೇಕಾದದ್ದು ಸುಧಾರಿಸಿದ ಡ್ರೈವರು, ಮಕ್ಕಳ ಪುಸ್ತಕದ ಪಳಗಿದ ತೋಳ. "ಈ ಕಥೆ ಸಾಕು" ಎಂದ. ಟೈಪು ಮಾಡುವವನು ತನ್ನ ಮುಂದಿದ್ದ ಹಾಳೆ ಬಿಟ್ಟು ತಲೆ ಎತ್ತಿದ. "ಈ ಕಥೆ ಅವಳು ಹೇಳೋವಾಗೆಲ್ಲ ನನಗೆ ಅವಳ ಕತ್ತು ಹಿಸುಕಬೇಕು ಅನ್ನಿಸ್ತಿತ್ತು. ಅದಕ್ಕೇ ಎರಡು ವರ್ಷದ ಹಿಂದೆ, ಅಕ್ಟೋಬರಿನಲ್ಲಿ ಒಂದು ಮಂಗಳವಾರ, ನಾನು ಬೇಕಂತಲೇ ಹೋಗಲಿಲ್ಲ. ಕಾರು ಕೆಟ್ಟಿರಲಿಲ್ಲ. ಫೋನ್ ಆಫ್ ಮಾಡಿ ಡೋನಟ್ ತಿಂತಾ ಕೂತಿದ್ದೆ. ಅವಳು ಹಾಸಿಗೇಲಿ ಬಿದ್ದಿರ್ತಾಳೆ ಅಂತ ಗೊತ್ತಿತ್ತು. ಒದ್ದೆ ಮಾಡ್ಕೊಂಡಿರ್ತಾಳೆ ಅಂತಾನೂ ಗೊತ್ತಿತ್ತು. ಆ ಹುಣ್ಣು ಅವತ್ತಿನದು. ಅವಳು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ."

ಬಲಗಡೆಯ ಹೆಂಗಸಿನ ಕೈಗಳು ಅದನ್ನು ಹೇಳಿ ಮುಗಿಸಿ ಸೊಂಟದ ಹತ್ತಿರ ನಿಂತವು. ಅವನ ವಾಕ್ಯಗಳು ಒಂದೊಂದಾಗಿ ಗೋಡೆಯ ಮೇಲೆ ಬಂದವು, ದೊಡ್ಡ ಬಿಳಿ ಅಕ್ಷರದಲ್ಲಿ, ಡೋನಟ್ ಕೂಡ. ಕಿರಿಚಬೇಕಿತ್ತು ಯಾರಾದರೂ. ಉಗಿಯಬೇಕಿತ್ತು. ಅದಕ್ಕೆ ಅವನು ಮೈ ಗಟ್ಟಿ ಮಾಡಿಕೊಂಡಿದ್ದ. ಹಿಂದೆ ಚಾಪೆಯ ಮೇಲೆ ಯಾರೋ ಮಗ್ಗುಲು ಬದಲಿಸಿದರು, ಒಂದು ಉಸಿರಾಟದ ಯಂತ್ರ ತನ್ನ ಪಾಡಿಗೆ ಸುಯ್ಯೆನ್ನುತ್ತಿತ್ತು. ಕಾಲೇಜಿನ ಮಕ್ಕಳ ಬಾಯಿ ತೆರೆದಿತ್ತು ನಿಜ, ಆದರೆ ಮುಂದಿನ ಎರಡು ಸಾಲು, ಪಾಳಿಯ ಜನ, ಹಳಬರು, ಒಬ್ಬರೂ ಬೆಚ್ಚಲಿಲ್ಲ. ಕೆಲವರು ನೆಲ ನೋಡಿದರು. ತಮಾಲೆ ಮಾಡಿ ತಂದಿದ್ದ ಹೆಂಗಸು ಮೆಲ್ಲಗೆ ನೋರೀನಳ ಮಂಡಿ ಮುಟ್ಟಿದಳು. ಜುನಿಪರ್ ಮೈಕಿಗೆ ಬಂದು, ಅದೇ ಹಾಳು ಮೃದುವಾದ ಧ್ವನಿಯಲ್ಲಿ, "ಧನ್ಯವಾದ ಟಿಲ್‌ಮನ್ ಅವ್ರೇ. ಹತ್ತು ನಿಮಿಷ ಬಿಡುವು ತಗೊಳ್ಳೋಣ, ನೀರು ಕುಡೀರಿ ಎಲ್ರೂ" ಎಂದರು. ಅವನು ಇಳಿಜಾರು ಇಳಿಯುವಾಗ ಕುರ್ಚಿಗಳು ದಾರಿ ಬಿಟ್ಟವು.

ಹೊರಗಿನ ಓಣಿಯಲ್ಲಿ ನೋರೀನ್ ಅವನ ಹಿಂದೆಯೇ ಬಂದಳು. ಊರುಗೋಲಿನ ಸದ್ದು ನಿಂತಿತು.

"ಆಯ್ತಾ?" ಎಂದಳು. "ಹಗುರ ಆಯ್ತಾ ನಿನಗೆ?"

"ನೋರೀನ್, ನಾನು ಮೊದಲೇ ನಿನಗೆ ಹೇಳಬೇಕಿತ್ತು."

"ಏನು ಹೇಳ್ತೀಯ? ಅವತ್ತು ಏಳೂವರೆಗೆ ನಾನು ಅಲ್ಲೇ ಇದ್ದೆ ಕಣೋ. ಏಳು ಇಪ್ಪತ್ತಕ್ಕೆ ಫೋನು ಬಂತು, ಈ ಕೋಲೂರ್ಕೊಂಡು ಎರಡು ಬೀದಿ ಓಡಿದೆ. ಓಡಿದೆ ಅಂದ್ರೆ ನನ್ನ ಓಟ. ಹೋಗಿ ಮಾಡೋದೇನು? ನನ್ನ ಕೈಲಿ ಎತ್ತೋಕಾಗುತ್ತಾ? ಪಕ್ಕದಲ್ಲಿ ಕೂತ್ಕೊಂಡು ಅವಳ ಕೈಲಿ ಆಗೋದನ್ನ, ನನ್ನ ಕೈಲಿ ಆಗೋದನ್ನ ಸೇರಿಸಿ ಒರೆಸಿದ್ವಿ. ಮಧ್ಯಾಹ್ನ ಎರಡು ಗಂಟೆವರೆಗೆ. ಎತ್ತೋ ತಾಕತ್ತಿರೋರಿಗೆಲ್ಲ ಕೆಲಸ, ಮನೇಲಿರೋರಿಗೆ ತಾಕತ್ತಿಲ್ಲ. ಕೊನೆಗೆ ನಮ್ಮ ಪಾಳಿಯ ಇನೆಜ್ ರಜ ಹಾಕಿ ಅಷ್ಟು ದೂರ ಸ್ಯಾನ್ ಹೊಸೆಯಿಂದ ಬಂದ್ಲು."

"ಮತ್ತೆ ಪಟ್ಟಿ ಗೊಂದಲ ಅಂತ..."

"ಅದು ನಾವು ಕಟ್ಟಿದ ಮಾತು. ನನ್ನ ಅಡುಗೆಮನೇಲಿ, ಗುರುವಾರ, ಒಂಬತ್ತು ಜನ ಕೂತು. ನಿನ್ನ ಕಾರು ಸರೋವರದ ಹತ್ರ ನಿಂತಿದ್ದನ್ನ ಇಬ್ಬರು ನೋಡಿದ್ರು. ನಿನ್ನ ತೆಗೆದುಹಾಕಿದ್ರೆ ಮಂಗಳವಾರಕ್ಕೆ ಯಾರು? ಕೇಳಿದ್ವಿ, ಒಬ್ಬರೂ ಸಿಗಲಿಲ್ಲ. ಅದಕ್ಕೇ ಸುಮ್ಮನಾದ್ವಿ." ಅವಳು ಗೋಡೆಗೆ ಒರಗಿ ಒಂದು ಕೋಲನ್ನು ಇನ್ನೊಂದು ಕೈಗೆ ತೆಗೆದುಕೊಂಡಳು. "ಇನ್ನೊಂದು. ಆ ಹುಣ್ಣು ಅದರ ಹಿಂದಿನ ಬೇಸಿಗೆಯದು. ಡಾಕ್ಟರು ಮೊದಲೇ ನೋಡಿದ್ರು. ನಿನ್ನಿಂದ ಸತ್ಲು ಅಂತ ದೊಡ್ಡಸ್ತಿಕೆ ಬೇಡ. ಅವಳ ನೆನಪಿನ ದಿನಾನೂ ನಿನ್ನ ಕಥೆ ಮಾಡ್ಕೊಂಡ್ಯಲ್ಲೋ, ಪುಣ್ಯಾತ್ಮ."

ಎರಡು ವರ್ಷ. ಹೊಸವರ್ಷದ ಸೂಪು, ಹುಟ್ಟುಹಬ್ಬದ ಕಾರ್ಡು, ಹೇಗಿದೀಯ ಅಂಬ್ರೋಸ್ ಎನ್ನುವ ಮುಖಗಳು, ಇವೆಲ್ಲ ಒಂಬತ್ತು ಜನ ಕೂತು ತೀರ್ಮಾನಿಸಿದ್ದು. ಅವನಿಗೆ ಮೈಯೆಲ್ಲ ಉರಿಯಿತು. "ನೀವೆಲ್ಲ ಸೇರಿ ನನ್ನ ಮಂಗ ಮಾಡಿದ್ರಿ!" ಎಂದು ಓಣಿ ತುಂಬುವಂತೆ ಕಿರಿಚಿದ. "ಬೈಬೇಕಿತ್ತು! ಮುಖಕ್ಕೆ ಉಗೀಬೇಕಿತ್ತು! ಎರಡು ವರ್ಷ ಒಳಗೊಳಗೇ ಸತ್ತಿದೀನಿ ನಾನು. ಬಸ್ಸಿನ ಮುಂದೆ ಕೂತೋಳಿಗೆ ನನ್ನ ಬೈಯೋಕೆ ಬಾಯಿರಲಿಲ್ವಾ? ಕ್ಷಮಿಸಿದ್ದಾಳೆ ಅಂದ್ಕೊಂಡಿದ್ದೆ! ನಗ್ತಿದ್ಲು ನನ್ನ ಹತ್ರ, ಥ್ಯಾಂಕ್ಸ್ ಅಂತಿದ್ಲು!"

ಅವನು ಕಿರಿಚುತ್ತಿರುವಾಗ ನೋರೀನ್ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಅದು ಅವನಿಗೆ ಕಂಡಿತು. ಅವಳಿಗೂ ಅವನಿಗೆ ಕಂಡದ್ದು ಗೊತ್ತಾಯಿತು.

"ಬೈತೀನಿ ಅಂದೆ ನಾನು" ಎಂದಳು, ಈಗ ಮೆಲ್ಲಗೆ. "ಅವಳೇ ಕೈ ಮುಗಿದು ಬೇಡ ಅಂದ್ಲು. ಅವನಿಗೆ ಕೋಪ ಬರಿಸಬೇಡ್ರೇ ಅಂದ್ಲು."

"ಯಾಕೆ?"

"ಯಾಕೆ ಅಂದ್ರೆ? ಎತ್ತೋನು ನೀನು. ಕೋಪ ಬಂದೋನ ಕೈಗೆ ವಾರ ವಾರ ಮೈ ಕೊಡಬೇಕಾದೋಳು ಅವಳು. ನೀನು ಒಂದು ಸಲ ಅವಳನ್ನ ಎತ್ತಿ ಹಾಕಿದ್ದೆಯಂತೆ. ಅದನ್ನ ನೀನು ಮರ್ತಿರ್ತೀಯ." ಕೋಲುಗಳನ್ನು ಸರಿಪಡಿಸಿಕೊಂಡಳು. "ಮಂಗಳವಾರ ಬೆಳಗ್ಗೆ ನಾಲ್ಕು ಗಂಟೆಗೇ ಎಚ್ಚರ ಆಗ್ತಿತ್ತು ಅವಳಿಗೆ. ನೀನು ಬರ್ತೀಯೋ ಇಲ್ವೋ ಅಂತ ಅರ್ಧ, ಯಾವ ಮೂಡಲ್ಲಿ ಬರ್ತೀಯೋ ಅಂತ ಇನ್ನರ್ಧ. ಇವತ್ತು ಯಾವ ಜೋಕಿಗೆ ನಗಬೇಕೋ ಅಂತಿದ್ಲು." ಅವಳು ತಿರುಗಿ ಒಳಗೆ ಹೋದಳು. ನಾಲ್ಕನೆಯವರ ಮಾತು ಶುರುವಾಗಿತ್ತು.

ಅಂಬ್ರೋಸ್ ಓಣಿಯಲ್ಲಿ ನಿಂತ. ಗೋಡೆಯಾಚೆ ಯಾರೋ ಮತ್ತೆ, ಅವಳು ಯಾರಿಗೂ ಹೆದರಲಿಲ್ಲ ಎನ್ನುತ್ತಿದ್ದರು. ಪೋಲೀಸರಿಗಲ್ಲ, ಮೇಯರಿಗಲ್ಲ. ಐವತ್ತು ಜನರ ಬಸ್ಸಿಗೆ ಎದೆಯೊಡ್ಡಿದವಳು ಅವನ ಕಾಲಸಪ್ಪಳಕ್ಕೆ ಕಿವಿಕೊಟ್ಟು ಮಲಗಿರುತ್ತಿದ್ದಳು. ನಗುವನ್ನು ಸಿದ್ಧ ಮಾಡಿಟ್ಟುಕೊಂಡು. ಇಷ್ಟು ವರ್ಷ ಅವಳು ತನ್ನನ್ನು ಕಿರಿದು ಮಾಡಿದಳೆಂದು ಕುದಿದಿದ್ದ ಅವನಿಗೆ, ತನ್ನ ಕೈಯಲ್ಲಿ ಎಷ್ಟಿತ್ತೆಂಬುದು ಒಂದು ದಿನವೂ ಹೊಳೆದಿರಲಿಲ್ಲ. ಅವಳಿಗಾಗಿ ಅವನಿಗೆ ಅಳು ಬಂತು, ಸತ್ತ ಎರಡು ತಿಂಗಳಿಗೆ ಮೊದಲ ಸಲ. ಅಳುವುದಕ್ಕೂ ನಾಚಿಕೆಯಾಗಿ ಹೊರಬಾಗಿಲಿನ ಕಡೆ ನಡೆದ.

ಅಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ ಹೊರಗೆ ಹೋಗಲು ಕಾಯುತ್ತಿದ್ದ. ಬಾಗಿಲು ತೆರೆಯುವ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಅಂಬ್ರೋಸನ ಕಿರಿಚಾಟ ಅವನಿಗೆ ಕೇಳಿಸಿರಲೇಬೇಕು. "ಸ್ವಲ್ಪ ಬಾಗಿಲು ಹಿಡ್ಕೋತೀರಾ ಸಾರ್, ತೊಂದರೆ ಇಲ್ಲಾಂದ್ರೆ?" ಎಂದ. ಅಂಬ್ರೋಸ್ ಬಾಗಿಲನ್ನು ಪೂರ್ತಿ ತೆರೆದು ಮೈಯಾನಿಸಿ ನಿಂತ. ಕುರ್ಚಿ ಹೊಸ್ತಿಲು ದಾಟುವಾಗ ಮುದುಕ ತಲೆ ಎತ್ತಿ, ಬಾಯ್ತುಂಬ ನಕ್ಕು, "ಥ್ಯಾಂಕ್ಸ್ ಸಾರ್, ತುಂಬ ಥ್ಯಾಂಕ್ಸ್, ದೊಡ್ಡ ಮನಸ್ಸು ನಿಮ್ಮದು" ಎಂದ. ಅಂಬ್ರೋಸ್ ಆ ನಗುವನ್ನೇ ನೋಡಿದ. ಅದರಲ್ಲಿ ಎಷ್ಟು ಪಾಲು ಹೆದರಿಕೆ ಎಂದು ಅವನಿಗೆ ತಿಳಿಯಲಿಲ್ಲ.